ಅಕ್ಟೋಬರ್ ಹದಿನಾಲ್ಕರ ಹಾಳೆ

ನಮ್ಮ ಅಜ್ಜಿಯ ಕಥೆಗಳಿಗೆ ತಲೆ ಇರುತ್ತಿತ್ತು, ಬಾಲ ಇರುತ್ತಿತ್ತು, ಕೆಲವು ಸಲ ಎರಡೆರಡು ಬಾಲ ಇರುತ್ತಿದ್ದವು. ನೀತಿ ಮಾತ್ರ ಇರುತ್ತಿರಲಿಲ್ಲ. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಟೀಚರು, ಮನೆಯಲ್ಲಿ ಕೇಳಿದ ಒಂದು ಕಥೆ ಬರೆದು ಕೊನೆಗೆ ಅದರ ನೀತಿ ಬರೆದುಕೊಂಡು ಬನ್ನಿ ಎಂದಿದ್ದರು. ಬೆಳಿಗ್ಗೆ ಪೆನ್ಸಿಲ್ ಹಿಡಿದು ಅಡುಗೆಮನೆಗೆ ಹೋಗಿ ಅಜ್ಜಿಯ ಸೆರಗು ಎಳೆದೆ.

"ಅಜ್ಜೀ, ನಿನ್ನೆ ಹೇಳಿದ ಕಥೆಯ ನೀತಿ ಏನು?"

"ಕಥೆ ಕೇಳದೆ ನಿದ್ದೆ ಹೋದೋರು ಬೆಳಿಗ್ಗೆ ಎದ್ದು ಕೇಳ್ತಾರಲ್ಲ, ಅದು" ಎಂದಳು ಅಜ್ಜಿ, ಪಾತ್ರೆಯಿಂದ ಕಣ್ಣೆತ್ತದೆ.

ಪಕ್ಕದಲ್ಲಿ ಜಡೆ ಹಾಕಿಕೊಳ್ಳುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ನನಗೆ ಅಳು ಬಂತು. ಅಜ್ಜಿ ಹೇಳಿದ್ದು ನಿಜವಾಗಿತ್ತು. ಪ್ರತಿ ಕಥೆಯಲ್ಲೂ ರಾಜಕುಮಾರಿ ಕಾಡಿನ ಅರ್ಧ ದಾಟುವ ಹೊತ್ತಿಗೆ ನಾನು ನಿದ್ದೆಯ ಇನ್ನೊಂದು ಕಾಡಿಗೆ ಹೊರಟುಹೋಗಿರುತ್ತಿದ್ದೆ. ಕೊನೆಯವರೆಗೂ ಎಚ್ಚರವಿದ್ದು ಹೂಂಗುಟ್ಟುತ್ತಿದ್ದವಳು ಅಕ್ಕ. ಬೆಳಿಗ್ಗೆ ನಾನು "ಕೊನೆಗೇನಾಯ್ತು?" ಎಂದು ಕೇಳಿದರೆ ಅವಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದಳು. ಹಾಗಾಗಿ ನಮ್ಮಿಬ್ಬರಲ್ಲಿ ಕಥೆಗಳು ಅವಳ ಪಾಲಿಗೆ, ಕೊನೆಗಳು ನನ್ನ ಪಾಲಿಗೆ.

ಅಪ್ಪ ಅಮ್ಮ ನಮಗೆ ಗೋಡೆಯ ಮೇಲಿನ ಫೋಟೋದಲ್ಲೇ ಪರಿಚಯವಾದವರು. ಸಾಕಿದವಳು ಅಜ್ಜಿ. ಅವಳು ಕಥೆ ಹೇಳುವುದಕ್ಕೆ ಎರಡು ಕಟ್ಟಳೆಗಳಿದ್ದವು. ಕೇಳುವವರು ಹೂಂ ಅನ್ನಬೇಕು, ಹೂಂ ನಿಂತರೆ ಕಥೆ ನಿಂತಿತು. ಎರಡನೆಯದು, ಕಥೆಯ ನಡುವೆ ಯಾರೂ ಎದ್ದು ಹೋಗುವಂತಿಲ್ಲ. "ನಡುವೆ ಎದ್ದರೆ ಕಥೆಯೊಳಗಿನೋರು ಎಲ್ಲಿದ್ದಾರೋ ಅಲ್ಲೇ ಉಳಿದುಬಿಡ್ತಾರೆ. ಪಾಪ, ಕಾಲೆತ್ತಿದವನು ಎತ್ತಿದ ಹಾಗೇ ಇರ್ತಾನೆ" ಎನ್ನುತ್ತಿದ್ದಳು. ಹಾಲಿನವನು ಬಾಗಿಲು ತಟ್ಟಿದರೂ ಅವಳು ಏಳುತ್ತಿರಲಿಲ್ಲ. ಒಂದು ಸಲ ಹಾಲು ಉಕ್ಕಿ ಒಲೆ ಆರಿಹೋದರೂ ಎದ್ದಿರಲಿಲ್ಲ.

ದೊಡ್ಡವಳಾದ ಮೇಲೆ ನನಗೆ ಸಿಕ್ಕ ಕೆಲಸ ಕೇಳಿದರೆ ಅಜ್ಜಿ ನಕ್ಕಾಳು ಎಂದುಕೊಂಡಿದ್ದೆ. ನಕ್ಕೇ ನಕ್ಕಳು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಮಾಡುವ ಮುದ್ರಣಾಲಯ ಅದು. ಮೇಲೆ ತಿಂಗಳು, ನಡುವೆ ಅಂಗೈಯಗಲದ ತಾರೀಕು, ಕೆಳಗೆ ಒಂದು ನೀತಿಮಾತು. ಆ ಮುನ್ನೂರ ಅರವತ್ತೈದು ಮಾತುಗಳನ್ನು ಬರೆಯುವವಳು ನಾನು.

"ಅಯ್ಯೋ ಚುಕ್ಕಿ, ಇಡೀ ಊರಿಗೆ ಬೆಳಿಗ್ಗೆ ಬೆಳಿಗ್ಗೆ ಬುದ್ಧಿ ಹೇಳೋ ಕೆಲಸವಾ? ಊರು ನಿನ್ನನ್ನ ಸುಮ್ಮನೆ ಬಿಡುತ್ತಾ?" ಎಂದಿದ್ದಳು ಅಜ್ಜಿ.

ಊರು ಸುಮ್ಮನೆ ಬಿಟ್ಟಿತು. ತೀರಾ ಸುಮ್ಮನೆ ಬಿಟ್ಟಿತು.

ನನಗೆ ಕೆಲಸ ಕಲಿಸಿದವರು ಯಜಮಾನರು. ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ನೋಡಮ್ಮ, ಎರಡು ಸಾಲು, ಹತ್ತು ಪದ, ಅಷ್ಟೇ ಜಾಗ. ಯಾರ ಹೆಸರೂ ಇರಬಾರದು. ಓದಿದೋರಿಗೆ ಇದು ಪಕ್ಕದ ಮನೆಯವರಿಗೆ ಹೇಳಿದ್ದು ಅನ್ನಿಸಬೇಕು. ಆಗ ಕ್ಯಾಲೆಂಡರ್ ಓಡುತ್ತೆ."

ಬೇಗನೆ ಕೈ ಕುದುರಿತು. ಯಾರೋ ಏನೋ ಮಾಡಿದ್ದನ್ನು ತೆಗೆದುಕೊಳ್ಳಬೇಕು, ಮಾಡಿದವರ ಹೆಸರನ್ನು ಕೆರೆದು ತೆಗೆಯಬೇಕು, ಯಾಕೆ ಮಾಡಿದರು ಎನ್ನುವುದನ್ನೂ ಕೆರೆಯಬೇಕು. ಉಳಿದದ್ದನ್ನು ತೊಳೆದು ಒರೆಸಿಟ್ಟರೆ ನೀತಿ. ಕಷ್ಟವೇನೂ ಇಲ್ಲ. ಕಷ್ಟವಿದ್ದದ್ದು ಸಂಜೆ ಆರರ ನಂತರ ಅದನ್ನು ನಿಲ್ಲಿಸುವುದರಲ್ಲಿ. ಬೈಂಡಿಂಗ್ ವಿಭಾಗದ ಹೆಂಗಸು ಒಂದು ದಿನ ಊಟದ ಹೊತ್ತಿನಲ್ಲಿ, ಮಗಳು ಮಾತು ಬಿಟ್ಟಿದ್ದಾಳೆ ಎಂದು ಕಣ್ಣು ಒರೆಸಿಕೊಂಡರೆ ನನ್ನ ಬಾಯಿಂದ, "ಬಿತ್ತಿದ ಮೌನವೇ ಮನೆಯಲ್ಲಿ ಬೆಳೆಯೋದು" ಎಂದು ಬಂದುಬಿಟ್ಟಿತು. ಆಕೆ ಡಬ್ಬಿಯ ಮುಚ್ಚಳ ಹಾಕಿದಳು. ಮುದ್ರಣಯಂತ್ರ ನಡೆಸುವ, ನಾವೆಲ್ಲ ಮಷಿನ್ ಮಾವ ಎಂದು ಕರೆಯುವ ಹಿರಿಯರು ಅಂದಿನಿಂದ ನನಗೆ 'ಬುದ್ಧಿಮಾತು' ಎಂದು ಹೆಸರಿಟ್ಟರು.

"ಇವಳ ಹತ್ರ ತಲೆನೋವು ಅನ್ನಬೇಡ್ರಪ್ಪ, ಮಾತ್ರೆ ಕೊಡಲ್ಲ, ಮಾತು ಕೊಡ್ತಾಳೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಾನು ಊಟಕ್ಕೆ ಕೂತ ಕಡೆ ಮಾತು ಮೆಲ್ಲಗೆ ಬಿಸಿಲು ಮಳೆಯ ಕಡೆಗೆ ತಿರುಗುತ್ತಿತ್ತು. ಬಿಸಿಲಿನ ಬಗ್ಗೆ ನೀತಿ ಹೇಳುವುದು ಕಷ್ಟ ಎಂದು ಅವರಿಗೆ ಗೊತ್ತಿತ್ತು.

ಅಕ್ಕ ಇರುವುದು ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ. ಅಲ್ಲಿಯ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಮದುವೆಯಾಗಿಲ್ಲ, ಕೇಳಿದರೆ "ಒಗೆಯೋಕೆ ಇರೋ ಬಟ್ಟೆ ಸಾಲದಾ?" ಎನ್ನುತ್ತಾಳೆ. ಹೋದ ವರ್ಷ ಅಜ್ಜಿ ಹಾಸಿಗೆ ಹಿಡಿದಾಗ ಅವಳು ದಿನವೂ ಸಂಜೆ ಫೋನ್ ಮಾಡುತ್ತಿದ್ದಳು. "ನಾಳೆ ಬರ್ತೀನಿ ಕಣೇ, ಖಂಡಿತ ಬರ್ತೀನಿ" ಎನ್ನುತ್ತಿದ್ದಳು. ಹತ್ತು ದಿನ ನಾಳೆಗಳಾದವು. ನಾನು ಫೋನನ್ನು ಅಜ್ಜಿಯ ಕಿವಿಯ ಪಕ್ಕ ದಿಂಬಿಗೆ ಒರಗಿಸಿಟ್ಟು ಒಳಗೆ ಹೋಗುತ್ತಿದ್ದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಅಜ್ಜಿ ಕಣ್ಣು ಮುಚ್ಚಿಕೊಂಡು "ಹೂಂ… ಹೂಂ…" ಎನ್ನುತ್ತಿದ್ದಳು. ಅಷ್ಟುದ್ದದ ಕಾರಣಗಳನ್ನು ಸಾಯುತ್ತಿರುವ ಮುದುಕಿಗೆ ಹೇಳುತ್ತಾಳಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಅಕ್ಟೋಬರ್ ಹದಿಮೂರರ ಸಂಜೆ ತಡೆಯಲಾಗದೆ ಫೋನ್ ಕಿತ್ತುಕೊಂಡು, "ಅಜ್ಜಿಗೆ ಆಯಾಸ ಆಗುತ್ತೆ ಅಕ್ಕಾ, ಸಾಕು. ಮಿಕ್ಕಿದ್ದು ಬಂದು ಹೇಳು" ಎಂದು ಇಟ್ಟುಬಿಟ್ಟೆ.

ಅಜ್ಜಿ ಹೋದದ್ದು ಮರುದಿನ, ಅಕ್ಟೋಬರ್ ಹದಿನಾಲ್ಕರ ಮಧ್ಯಾಹ್ನ. ಅಕ್ಕ ಬಂದದ್ದು ಹದಿನೈದಕ್ಕೆ. ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, ಖಾಲಿ ಮಂಚ ಹಿಡಿದುಕೊಂಡು ಅತ್ತಳು. ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದದ್ದನ್ನು ನನ್ನ ದೊಡ್ಡತನ ಎಂದುಕೊಂಡೆ. ಅಜ್ಜಿ ಹೇಗೆ ಹೋದಳು ಎಂದು ಅವಳೂ ಕೇಳಲಿಲ್ಲ.

ನವೆಂಬರಿನಲ್ಲಿ ಹೊಸ ವರ್ಷದ ಮಾತುಗಳನ್ನು ಬರೆಯಲು ಕೂತೆ. ಜನವರಿಯಿಂದ ಸಾಲಾಗಿ ಬರೆದುಕೊಂಡು ಬಂದು ಅಕ್ಟೋಬರ್ ಹದಿನಾಲ್ಕಕ್ಕೆ ಮುಟ್ಟಿದಾಗ ಪೆನ್ನು ತಾನೇ ಬರೆಯಿತು ಎಂದು ಸುಳ್ಳು ಹೇಳಲಾರೆ. ನಾನೇ ಬರೆದೆ. ಮೂರು ಸಲ ತಿದ್ದಿ, ಪದ ಎಣಿಸಿ ಬರೆದೆ.

'ಇದ್ದಾಗ ಬಾರದವರು ಹೋದ ಮೇಲೆ ಬಂದು ಅತ್ತರೆ, ಆ ಕಣ್ಣೀರು ಯಾರಿಗೆ?'

ಯಜಮಾನರು ಓದಿ, "ಮಾತು ಅಂದ್ರೆ ಇದು" ಎಂದು ತೊಡೆ ತಟ್ಟಿಕೊಂಡರು. ನಲವತ್ತು ಸಾವಿರ ಪ್ರತಿ ಅಚ್ಚಾಯಿತು. ಕೆಲಸದವರಿಗೆ ಎರಡೆರಡು ಪ್ರತಿ ಕೊಡುತ್ತಾರೆ. ಒಂದನ್ನು ನನ್ನ ಗೋಡೆಗೆ ಹಾಕಿದೆ. ಇನ್ನೊಂದನ್ನು, ಪ್ರತಿ ವರ್ಷದ ಹಾಗೆ, ಅಕ್ಕನ ವಿಳಾಸ ಬರೆದು ಅಂಚೆಗೆ ಹಾಕಿದೆ. ಒಂದು ಬೆಳಿಗ್ಗೆ, ಹತ್ತು ತಿಂಗಳ ಆಚೆ, ಅವಳು ನಿದ್ದೆಗಣ್ಣಿನಲ್ಲಿ ಹದಿಮೂರನ್ನು ಹರಿದಾಗ ಕೆಳಗೆ ನನ್ನ ಮಾತು ಕಾದಿರುತ್ತದೆ. ಅದನ್ನು ಕಲ್ಪಿಸಿಕೊಂಡು ಆ ವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಜನವರಿಯ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕನ ಫೋನ್ ಬಂತು.

"ಏನು ಮಾಡ್ತಿದ್ದೀಯೇ?"

"ಏನಿಲ್ಲ."

"ಶುಕ್ರವಾರದ್ದು ಚೆನ್ನಾಗಿತ್ತು. ಉಪ್ಪಿಂದು. ನಮ್ಮ ಇಸ್ತ್ರಿ ಮಾಡೋ ಹುಡುಗಿಯರಿಗೆ ಓದಿ ಹೇಳಿದೆ."

"ಹೌದಾ."

ಅಷ್ಟೇ. ಮುಂದಿನ ಭಾನುವಾರ ಮತ್ತೆ ಹತ್ತಕ್ಕೆ. ಮೊದಮೊದಲು ನಾನು ಒಂದೊಂದೇ ಪದ ಕೊಟ್ಟು ಅಟ್ಟುತ್ತಿದ್ದೆ. ಮಾರ್ಚ್ ಹೊತ್ತಿಗೆ ಒಂಬತ್ತೂವರೆಗೇ ಕಾಫಿ ಕುಡಿದು, ಫೋನನ್ನು ಕಿಟಕಿಯ ಅಂಚಿನಲ್ಲಿಟ್ಟು ಕೂರತೊಡಗಿದ್ದೆ. ಅಜ್ಜಿ ಹೋದ ಮೇಲೆ ಹಿಡಿದ ನನ್ನ ಬಾಡಿಗೆ ಕೋಣೆಗೆ ಒಂದೇ ಕಿಟಕಿ. ಎದುರಿಗೆ ಇನ್ನೊಂದು ಕಟ್ಟಡದ ಬೆನ್ನು, ನೀರಿನ ಕೊಳವೆಗಳು, ಯಾರೋ ಒಣಗಹಾಕಿ ಮರೆತ ಒಂದು ಕಾಲುಚೀಲ. ವಾರದಲ್ಲಿ ಆರು ದಿನ ನನ್ನ ಕೋಣೆಯಲ್ಲಿ ಮಾತಾಡುತ್ತಿದ್ದದ್ದು ನಲ್ಲಿ ಮಾತ್ರ. ಏಳನೆಯ ದಿನ ಅಕ್ಕ. ಬಟ್ಟೆ ಒಣಗಿಸುವ ಯಂತ್ರ ಕೆಟ್ಟದ್ದು, ಮೇಲ್ವಿಚಾರಕನ ವಿಗ್ ಗಾಳಿಗೆ ಹಾರಿ ಸೋಪಿನ ನೀರಿಗೆ ಬಿದ್ದದ್ದು, ಏನೇನೋ. ಕೊನೆಯಲ್ಲಿ ಪ್ರತಿ ಸಲವೂ ಅವಳು ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಆಮೇಲೆ "ಸರಿ, ಇಡ್ಲಾ?" ಎನ್ನುತ್ತಿದ್ದಳು.

ಆ ಸುಮ್ಮನಿರುವಿಕೆಯಲ್ಲಿ ಏನೋ ಇದೆ ಎಂದು ನನಗೆ ಅನ್ನಿಸಲಿಲ್ಲ. ಅನ್ನಿಸತೊಡಗಿದ್ದು ಬೇರೆಯೇ. ದಿನಕ್ಕೊಂದರಂತೆ ಹಾಳೆ ಉದುರಿ, ಗೋಡೆಯ ಮೇಲಿನ ಕಟ್ಟು ತೆಳ್ಳಗಾಗುತ್ತ, ಅಕ್ಟೋಬರ್ ಹತ್ತಿರ ಬರುತ್ತಿತ್ತು. ಆ ಮಾತನ್ನು ಓದಿದ ಮೇಲೆ ಯಾವ ಅಕ್ಕ ಮತ್ತೆ ಭಾನುವಾರ ಫೋನ್ ಮಾಡುತ್ತಾಳೆ?

ಅಕ್ಟೋಬರ್ ಹನ್ನೊಂದರ ಭಾನುವಾರ ಅವಳು, "ಬುಧವಾರ ಒಂದು ವರ್ಷ ಆಗುತ್ತೆ" ಎಂದಳು.

"ಹೌದು" ಎಂದೆ.

ಅವಳು ಸುಮ್ಮನಾದಳು. ಅಂದು ಸ್ವಲ್ಪ ಹೆಚ್ಚು ಹೊತ್ತು. "ಸರಿ, ಇಡ್ಲಾ?"

ಸೋಮವಾರ ಮಷಿನ್ ಮಾವ ಮುದ್ರಣಾಲಯದ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಎತ್ತೆತ್ತಿ ಮುಂದಿನ ರಜೆ ಯಾವಾಗ ಎಂದು ಹುಡುಕುತ್ತಿದ್ದರು.

"ಏನಮ್ಮಾ ಬುದ್ಧಿಮಾತು, ನಾಡಿದ್ದಿಂದು ಮೆಣಸಿನಕಾಯಿ. ಯಾರ ಮೇಲೆ ಅರೆದೆ?"

"ಯಾರ ಮೇಲೂ ಇಲ್ಲ ಮಾವ. ಎಲ್ಲರಿಗೂ ಹೇಳಿದ್ದು."

"ಎಲ್ಲರಿಗೂ ಇಷ್ಟು ಖಾರ ಯಾರೂ ಅರೆಯಲ್ಲ ಬಿಡು" ಎಂದರು.

ಮರುದಿನ ರಜೆ ಹಾಕಿ ಮೊದಲ ಬಸ್ಸು ಹತ್ತಿದೆ. ಉಪಾಯ ಸರಳವಾಗಿತ್ತು. ಸುಮ್ಮನೆ ನೋಡೋಣ ಅಂತ ಬಂದೆ ಎನ್ನುವುದು. ಅವಳು ಒಳಗೆ ಹೋದಾಗ ಹದಿನಾಲ್ಕರ ಹಾಳೆಯನ್ನು ಸದ್ದಾಗದಂತೆ ಹರಿದು ಚೀಲಕ್ಕೆ ಹಾಕಿಕೊಳ್ಳುವುದು. ಬುಧವಾರ ಬೆಳಿಗ್ಗೆ ಅವಳಿಗೆ ನೇರ ಹದಿನೈದು ಸಿಗುತ್ತದೆ. ಅಚ್ಚಿನವರ ತಪ್ಪು, ಒಂದು ಹಾಳೆ ಬಿಟ್ಟುಹೋಗಿದೆ ಎಂದುಕೊಳ್ಳುತ್ತಾಳೆ. ಕಿಟಕಿಗೆ ತಲೆಯಾನಿಸಿ ಐದು ಗಂಟೆ ಇದನ್ನೇ ಹಿಂದೆ ಮುಂದೆ ಮಾಡಿ ನೋಡಿದೆ. ರಾಕ್ಷಸನ ಪ್ರಾಣವಿರುವ ಗಿಳಿಯನ್ನು ಕದಿಯಲು ಹೊರಟ ಕಥೆಯ ಹುಡುಗಿಯ ಹಾಗೆ ಅನ್ನಿಸಿತು. ಒಂದೇ ವ್ಯತ್ಯಾಸ, ಈ ಕಥೆಯಲ್ಲಿ ರಾಕ್ಷಸಿಯೂ ನಾನೇ.

ಅಕ್ಕ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಬಾಗಿಲು ತೆಗೆದವಳ ಕೈ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿತ್ತು.

"ನೀನಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಸುಮ್ಮನೆ. ನೋಡೋಣ ಅಂತ ಬಂದೆ."

"ನಾನೇನು ಪ್ರದರ್ಶನಕ್ಕೆ ಇಟ್ಟಿದ್ದೀನಾ ನೋಡೋಕೆ? ಕೂತ್ಕೋ. ಟೀ ಮಾಡ್ತೀನಿ. ಮುಖ ತೊಳಿ, ಬಸ್ಸಿನ ಧೂಳೆಲ್ಲ ನಿನ್ನ ಮೇಲೇ ಇದೆ."

ಒಂದೇ ಕೋಣೆ, ಮೂಲೆಯಲ್ಲಿ ಒಲೆಯ ಕಟ್ಟೆ, ಅದಕ್ಕೊಂದು ಪರದೆ. ಮಡಿಚಿಟ್ಟ ಬಟ್ಟೆಗಳು ಅಳತೆಗೋಲಿಟ್ಟ ಹಾಗೆ ಸಾಲಾಗಿದ್ದವು. ಕಿಟಕಿಯ ಪಕ್ಕ ಮರದ ಪುಟ್ಟ ಮೇಜು, ಅದರ ಮೇಲೆ ಗೋಡೆಯಲ್ಲಿ ಕ್ಯಾಲೆಂಡರ್. ಹದಿಮೂರು, ಮಂಗಳವಾರ. ಪರದೆಯ ಹಿಂದೆ ನೀರು ಸುರಿದ ಸದ್ದು ಕೇಳಿದ ಕೂಡಲೇ ಎದ್ದು ಹದಿಮೂರನ್ನು ಮೆಲ್ಲಗೆ ಎತ್ತಿದೆ.

ಕೆಳಗೆ ಹದಿನೈದು ಇತ್ತು.

ಮತ್ತೊಮ್ಮೆ ಎತ್ತಿ ನೋಡಿದೆ. ಹದಿಮೂರು, ಹದಿನೈದು. ಎರಡರ ನಡುವೆ, ಮೇಲಿನ ತಗಡಿನ ಪಟ್ಟಿಯೊಳಗೆ, ಹರಿದ ಹಾಳೆಯ ಕೂದಲಂಥ ಒಂದು ಅಂಚು ಮಾತ್ರ ಉಳಿದಿತ್ತು.

"ಅದು ಅಲ್ಲಿಲ್ಲ ಚುಕ್ಕಿ."

ಅಕ್ಕ ಪರದೆ ಸರಿಸಿಕೊಂಡು ನಿಂತಿದ್ದಳು. ಕೈಯಲ್ಲಿ ಎರಡು ಲೋಟ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಯಾವಾಗ…"

"ಅದು ಬಂದ ದಿನವೇ. ಕ್ಯಾಲೆಂಡರ್ ಬಂದ್ರೆ ಮೊದಲು ಏನು ನೋಡ್ತಾರೆ ಹೇಳು? ನಮ್ಮ ನಮ್ಮ ದಿನ ನೋಡ್ತಾರೆ. ನಿನ್ನ ಹುಟ್ಟಿದ ದಿನ ನೋಡಿದೆ, ನಂದು ನೋಡಿದೆ, ಆಮೇಲೆ ಅಜ್ಜಿ ದಿನ ತೆಗೆದೆ. ಅಷ್ಟು ವರ್ಷದಿಂದ ಕ್ಯಾಲೆಂಡರ್ ಮಾಡ್ತೀಯ, ಅಷ್ಟು ಗೊತ್ತಾಗಲ್ವಾ?"

ಗೊತ್ತಾಗಿರಲಿಲ್ಲ. ದಿನಕ್ಕೊಂದು ಮಾತು ಬರೆಯುವ ನನಗೆ, ಜನ ದಿನಕ್ಕೊಂದೇ ಓದುತ್ತಾರೆ ಎಂಬ ನಂಬಿಕೆಯಿತ್ತು. ಹಾಗಾದರೆ ಜನವರಿಯ ಆ ಮೊದಲ ಭಾನುವಾರ, ಉಪ್ಪಿನ ಮಾತು ಚೆನ್ನಾಗಿತ್ತು ಎಂದಾಗಲೇ ಅವಳು ಇದನ್ನೂ ಓದಿದ್ದಳು. ಓದಿಯೂ ನಲವತ್ತು ಭಾನುವಾರ ಫೋನ್ ಮಾಡಿದ್ದಳು.

"ಎಲ್ಲಿದೆ ಅದು?"

ಅವಳು ಲೋಟಗಳನ್ನು ಮೇಜಿನ ಮೇಲಿಟ್ಟು ಅದರ ಕಾಲಿನತ್ತ ತೋರಿಸಿದಳು. ಮೇಜಿನ ಒಂದು ಕಾಲಿನ ಕೆಳಗೆ ನಾಲ್ಕಾಗಿ ಎಂಟಾಗಿ ಮಡಿಚಿದ ಕಾಗದ.

"ಬಿಸಾಕೋಕೆ ಮನಸ್ಸಾಗ್ಲಿಲ್ಲ, ಇಟ್ಕೊಳ್ಳೋಕೂ ಆಗ್ಲಿಲ್ಲ. ಮೇಜಿನ ಕಾಲು ಗಿಡ್ಡ ಇತ್ತು. ನಿನ್ನ ಮಾತು ಅಳತೆ ಮಾಡಿದ ಹಾಗೆ ಕೂತ್ಕೊಳ್ತು. ಈಗ ಅಲ್ಲಾಡಲ್ಲ ನೋಡು."

ನಗಬೇಕೋ ಬೇಡವೋ ತಿಳಿಯದೆ ಟೀ ಲೋಟ ಹಿಡಿದು ಕೂತೆ. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ನನ್ನ ತಲೆಯೊಳಗೆ ಹತ್ತು ಪದದ ವಾಕ್ಯಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತಿದ್ದವು: ಕ್ಷಮೆಯ ಬಗ್ಗೆ, ಆತುರದ ಬಗ್ಗೆ, ರಕ್ತಸಂಬಂಧದ ಬಗ್ಗೆ. ಒಂದೂ ನನ್ನದಾಗಿರಲಿಲ್ಲ.

"ಓದಿದ ಮೇಲೂ ಯಾಕೆ ಫೋನ್ ಮಾಡ್ತಿದ್ದೆ ಅಕ್ಕಾ?"

"ಏನಾಯ್ತು ಅಕ್ಕಾ, ಯಾಕೆ ಬರಲಿಲ್ಲ ಅಂತ ಒಂದು ಸಲ ಕೇಳ್ತೀಯೇನೋ ಅಂತ. ಪ್ರತಿ ವಾರ ಕೊನೆಗೆ ಸ್ವಲ್ಪ ಜಾಗ ಬಿಡ್ತಿದ್ದೆ. ನೀನು ಕೇಳ್ತಾನೇ ಇರಲಿಲ್ಲ."

ಟೀ ಆರುತ್ತಿತ್ತು. ಮೂವತ್ತು ವರ್ಷದ ಹೆಣ್ಣು, ಒಂದು ಪ್ರಶ್ನೆ ಕೇಳಲು ಅಷ್ಟು ಉಸಿರು ಬೇಕಾಯಿತು.

"ಏನಾಯ್ತು ಅಕ್ಕಾ?"

ಅವಳು ಲೋಟದ ಅಂಚನ್ನು ಹೆಬ್ಬೆರಳಲ್ಲಿ ಒರೆಸಿದಳು.

"ಆಸ್ಪತ್ರೆ ಬಟ್ಟೆ ಒಗೆಯೋರಿಗೆ ಕೆಲವು ಗೊತ್ತಾಗುತ್ತೆ ಕಣೇ. ಹೊದಿಕೆ ಕೈಗೆ ಬಂದ್ರೆ ಸಾಕು, ಆ ಮಂಚದೋರು ಮನೆಗೆ ಹೋದ್ರಾ, ಹೋಗೇಬಿಟ್ರಾ ಅಂತ. ನೀನು ಫೋನಲ್ಲಿ ಅಜ್ಜಿ ಊಟ ಬಿಟ್ಟಿದ್ದಾಳೆ ಅಂದಾಗಲೇ ನಂಗೆ ಗೊತ್ತಾಯ್ತು. ಅವತ್ತೇ ಚೀಲ ಕಟ್ಟಿದ್ದೆ. ಅಷ್ಟರಲ್ಲಿ ಅಜ್ಜಿ ಫೋನಲ್ಲಿ, ಒಂದು ಕಥೆ ಹೇಳೇ ಅಂದ್ಲು."

"ಅಜ್ಜಿನಾ?"

"ಹೂಂ. ನಾನು ಹೇಳಿದೀನಿ ಇಷ್ಟು ವರ್ಷ, ಈಗ ನೀನು ಹೇಳು, ನಾನು ಹೂಂ ಅಂತೀನಿ ಅಂದ್ಲು. ಶುರು ಮಾಡಿದೆ. ಅರ್ಧ ಆಗೋ ಹೊತ್ತಿಗೆ ಒಂದು ಯೋಚನೆ ಬಂತು. ಕಥೆ ನಡುವೆ ಯಾರೂ ಎದ್ದು ಹೋಗಬಾರದು ಅಂತ ಅಜ್ಜಿಯೇ ಅಲ್ವಾ ಹೇಳಿದ್ದು. ಹಾಲು ಉಕ್ಕಿದ್ರೂ ಏಳ್ತಿರಲಿಲ್ಲ ಅವಳು. ಅರ್ಧಕ್ಕೇ ನಿಲ್ಲಿಸಿದೆ. ಮಿಕ್ಕಿದ್ದು ನಾಳೆ ಅಂದೆ. ಮಾರನೇ ದಿನ ಅದನ್ನ ಮುಗಿಸಿ, ಉಸಿರು ಬಿಡದೆ ಇನ್ನೊಂದು ಶುರು ಮಾಡಿ, ಅದನ್ನ ಅರ್ಧಕ್ಕೆ ಬಿಟ್ಟೆ. ಹತ್ತು ದಿನ ಹಂಗೇ. ಕಥೆ ಬಾಕಿ ಇರೋವರೆಗೂ ಅಜ್ಜಿ ಏಳಲ್ಲ ಅಂತ." ಅವಳು ತಲೆಯೆತ್ತಲಿಲ್ಲ. "ಬಂದಿದ್ರೆ ಅವಳ ಮುಖ ನೋಡಬೇಕಿತ್ತು. ಮುಖ ನೋಡಿದ್ರೆ ನಂಬಿಕೆ ಹೋಗ್ತಿತ್ತು. ಇಲ್ಲಿ ಕೂತು ಬರೀ ಹೂಂ ಕೇಳಿಸಿಕೊಂಡ್ರೆ ಅವಳು ಗಟ್ಟಿಯಾಗೇ ಇದ್ದಳು."

ದಿಂಬಿಗೆ ಒರಗಿದ್ದ ಫೋನು, ಅಜ್ಜಿಯ ಮುಚ್ಚಿದ ಕಣ್ಣು, ಆ ಹೂಂಗಳು ನೆನಪಾದವು. ಕಾರಣಗಳು ಎಂದುಕೊಂಡಿದ್ದೆ. ಎರಡೇ ಹೆಜ್ಜೆ ದೂರದ ಅಡುಗೆಮನೆಯಲ್ಲಿ ನಿಂತು, ಒಂದು ಸಲವೂ ಕಿವಿಗೊಟ್ಟಿರಲಿಲ್ಲ.

"ಹದಿಮೂರನೇ ತಾರೀಕು ನೀನು ಫೋನ್ ಕಿತ್ಕೊಂಡೆಯಲ್ಲ, ಆಗ ನಂಗೆ ಬೇಜಾರೇ ಆಗ್ಲಿಲ್ಲ ಗೊತ್ತಾ. ಒಳ್ಳೇದೇ ಆಯ್ತು, ಒಳ್ಳೇ ಜಾಗದಲ್ಲೇ ನಿಂತಿದೆ, ನಾಳೆವರೆಗೂ ಭಯವಿಲ್ಲ ಅಂದ್ಕೊಂಡೆ. ನಿಶ್ಚಿಂತೆಯಾಗಿ ಮಲಗಿದೆ."

ನನ್ನ ನಾಲಿಗೆಯ ತುದಿಗೆ ಒಂದು ವಾಕ್ಯ ಬಂತು. ಎರಡು ಸಾಲಿಗೆ ಸರಿಯಾಗಿ ಕೂರುವಂಥದ್ದು, ಯಜಮಾನರು ತೊಡೆ ತಟ್ಟುವಂಥದ್ದು. ಟೀಯ ಜೊತೆ ಅದನ್ನು ನುಂಗಿದೆ.

"ಹೂಂ" ಎಂದೆ.

ಅಕ್ಕ ಆಗ ನನ್ನ ಮುಖ ನೋಡಿದಳು. ಮಾತು ಶುರು ಮಾಡಿದ ಮೇಲೆ ಅದೇ ಮೊದಲು.

"ಯಾವ ಕಥೆ ಅದು, ನಿಂತದ್ದು?"

"ಬಾಗಿಲು ಹೊತ್ತೋನದ್ದು. ನೀನು ಯಾವತ್ತೂ ಕೇಳಿಲ್ಲ, ಮೊದಲೇ ನಿದ್ದೆ ಹೋಗ್ತಿದ್ದೆ. ಒಬ್ಬನಿಗೆ ಮನೆ ಇರಲಿಲ್ಲ, ಬಾಗಿಲು ಮಾತ್ರ ಇತ್ತು. ಬೆನ್ನ ಮೇಲೆ ಹೊತ್ಕೊಂಡು ಊರೂರು ತಿರುಗ್ತಿದ್ದ. ಸುಸ್ತಾದ ಕಡೆ ಬಯಲಲ್ಲಿ ಬಾಗಿಲು ನಿಲ್ಲಿಸಿ, ಚಿಲಕ ಹಾಕಿ, ಅದರ ಹಿಂದೆ ಮಲಗ್ತಿದ್ದ. ಸುತ್ತ ಗೋಡೆ ಇಲ್ಲ, ಆದ್ರೂ ಚಿಲಕ ಹಾಕಬೇಕು ಅವನಿಗೆ."

"ಹೂಂ."

"ಒಂದಿನ ಬೇಜಾರಾಗಿ, ತಮಾಷೆಗೆ, ತನ್ನ ಬಾಗಿಲನ್ನ ತಾನೇ ಹೊರಗಿಂದ ತಟ್ಟಿದ. ಒಳಗಿಂದ ಯಾರೋ, 'ಯಾರು?' ಅಂದ್ರು."

"ಹೂಂ."

"ಅಲ್ಲಿಗೆ ನೀನು ಫೋನ್ ಇಟ್ಟೆ."

"ಆಮೇಲೆ?"

"ಆಮೇಲೆ ಯಾರಿಗೆ ಹೇಳಲಿ" ಎಂದಳು ಅಕ್ಕ. ಎದ್ದು ಲೋಟಗಳನ್ನು ತೊಳೆದಳು. ಒಂದು ವರ್ಷದಿಂದ ಅಜ್ಜಿ ಎಲ್ಲೋ, ಆ ಮನುಷ್ಯ ಬಾಗಿಲ ಮುಂದೆ ಕೈಯೆತ್ತಿದ ಹಾಗೇ, ನಾವಿಬ್ಬರು ಹೀಗೆ.

ಬಸ್ ನಿಲ್ದಾಣದವರೆಗೂ ಬಂದಳು. ದಾರಿಯುದ್ದಕ್ಕೂ ಅವಳ ಮೈಯಿಂದ ಸೋಪು, ಇಸ್ತ್ರಿಯ ಆವಿ ಬೆರೆತ ವಾಸನೆ ಬರುತ್ತಿತ್ತು. ಬಸ್ಸು ಹೊರಡುವ ಮೊದಲು ಕಿಟಕಿಯ ಕೆಳಗೆ ನಿಂತು ಹೇಳಿದಳು:

"ಈ ಭಾನುವಾರ ನಾನು ಫೋನ್ ಮಾಡಲ್ಲ ಕಣೇ. ಸಿಟ್ಟಿಗಲ್ಲ. ಇಷ್ಟು ದಿನ ನಾನೇ ಮಾಡಿ ಮಾಡಿ ಸುಸ್ತಾಗಿದೆ."

ಮುಂದಿನ ವರ್ಷದ ಮಾತುಗಳ ಪಟ್ಟಿ ಮೇಜಿನ ಮೇಲೆ ಕಾಯುತ್ತಿತ್ತು. ಆ ವಾರ ನಾಲ್ಕು ದಿನದಲ್ಲಿ ಮೂರು ಮಾತು ಬರೆದೆ, ಮೂರನ್ನೂ ಹೊಡೆದುಹಾಕಿದೆ. ಗುರುವಾರ ಊಟದ ಹೊತ್ತಿಗೆ ಬೈಂಡಿಂಗ್ ಹೆಂಗಸಿನ ಪಕ್ಕ ಕೂತು, "ಮಗಳು ಮಾತಾಡಿದ್ಲಾ?" ಎಂದು ಕೇಳಿದೆ. ಆಕೆ ನನ್ನನ್ನು ಅನುಮಾನದಿಂದ ನೋಡಿ, "ಇವತ್ತು ಸೆಕೆ ಜಾಸ್ತಿ ಅಲ್ವಾ" ಎಂದಳು. ಅದು ಆಕೆಯ ತಪ್ಪಲ್ಲ.

ಭಾನುವಾರ ಒಂಬತ್ತೂವರೆಗೆ ಕಾಫಿ ಕುಡಿದು ಫೋನನ್ನು ಕಿಟಕಿಯ ಅಂಚಿನಲ್ಲಿಟ್ಟೆ. ಹತ್ತಾಯಿತು. ಎದುರು ಕಟ್ಟಡದ ಕಾಲುಚೀಲ ಇನ್ನೂ ಅಲ್ಲೇ ತೂಗುತ್ತಿತ್ತು. ಹತ್ತೂಕಾಲಾಯಿತು. ನಲ್ಲಿ ತೊಟ್ಟಿಕ್ಕಿತು. ಹತ್ತು ತಿಂಗಳಲ್ಲಿ ಒಮ್ಮೆಯೂ ನಾನು ಆ ನಂಬರನ್ನು ಒತ್ತಿರಲಿಲ್ಲ ಎಂಬುದು ಬೆರಳಿಗೆ ಗೊತ್ತಾಯಿತು. ಒತ್ತಿದೆ.

ಏಳು ಸಲ ರಿಂಗಾಯಿತು. ಎತ್ತಿದಳು. ನನ್ನ ಹೆಸರು ಅವಳ ಫೋನಿನಲ್ಲಿ ಮೂಡಿರಲೇಬೇಕು. ಆದರೂ ಆ ಕಡೆಯಿಂದ ಮೆಲ್ಲಗೆ ಕೇಳಿದಳು:

"ಯಾರು?"

"ನಾನು ಅಕ್ಕಾ."

ಆ ಕಡೆ ಅವಳು ಕುರ್ಚಿ ಎಳೆದುಕೊಂಡ ಸದ್ದಾಯಿತು. ಏನು ಹೇಳಬೇಕು ಎಂದು ಯೋಚಿಸಿಟ್ಟುಕೊಂಡಿರಲಿಲ್ಲ. ಅವಳಿಗೆ ಗೊತ್ತಿಲ್ಲದ, ನನಗೊಬ್ಬಳಿಗೇ ಗೊತ್ತಿರುವ ಕಥೆ ಒಂದೇ ಒಂದಿತ್ತು. ಅದನ್ನು ಒಂದು ವರ್ಷದಿಂದ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಅವತ್ತು ಹದಿನಾಲ್ಕನೇ ತಾರೀಕು ಬೆಳಿಗ್ಗೆ ಅಜ್ಜಿ ಬೇಗ ಎದ್ದಳು" ಎಂದು ಶುರು ಮಾಡಿದೆ. "ಎದ್ದು ಮೊದಲು ಫೋನೆಲ್ಲಿ ಅಂತ ಕೇಳಿದಳು."

ಕಡಿದುಹೋಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಹೂಂ" ಎಂದಳು ಅಕ್ಕ.